ಪ್ರಾಥಮಿಕ ಶಾಲೆಯ ಚಿತ್ರಕಲಾ ತರಗತಿಯಲ್ಲಿ ಮಕ್ಕಳ ಕಲಾಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರಕಲಾ ತರಗತಿಯಿಂದ ಮಕ್ಕಳು ಮನೆಗೆ ತರುವ ಚಿತ್ರ, ಮಣ್ಣಿನ ಬಟ್ಟಲು, ಅಂಟು ಇನ್ನೂ ಆರದ ಮುಖವಾಡ ಇವುಗಳ ಬಗ್ಗೆ ಪೋಷಕರೂ ಹೊಸದಾಗಿ ಪಾಠ ಮಾಡತೊಡಗಿದ ಶಿಕ್ಷಕರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಸುಮಾರು 6ರಿಂದ 11 ವರ್ಷದ ಮಕ್ಕಳನ್ನು ಗಮನದಲ್ಲಿಟ್ಟುಕೊಂಡು ಇವನ್ನು ಬರೆಯಲಾಗಿದೆ. ಯಾವುದೇ ಕಲಾಕೆಲಸವನ್ನು ಅಳೆಯುವಾಗ ಇಲ್ಲಿ ಮುಖ್ಯವಾಗಿ ಕೇಳಿಕೊಂಡಿರುವುದು ಒಂದೇ: ಇದರಲ್ಲಿ ಮಗು ತಾನಾಗಿ ತೀರ್ಮಾನಿಸಿದ್ದು ಯಾವುದು?

ಕಲಾ ಪ್ರಾಜೆಕ್ಟ್ ಎಂದರೇನು? ಸುಮ್ಮನೆ ಚಿತ್ರ ಬಿಡಿಸುವುದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಒಂದು ವಿಷಯವನ್ನೋ ಒಂದು ಸಾಮಗ್ರಿಯನ್ನೋ ಹಿಡಿದುಕೊಂಡು, ಎರಡು ಮೂರು ತರಗತಿಗಳ ಅವಧಿಯಲ್ಲಿ ಹಂತ ಹಂತವಾಗಿ ಮುಗಿಸುವ ಕೆಲಸವನ್ನು ಸಾಮಾನ್ಯವಾಗಿ ಪ್ರಾಜೆಕ್ಟ್ ಎನ್ನುತ್ತಾರೆ. ಮೊದಲ ದಿನ ನೋಡುವುದು ಮತ್ತು ಕಚ್ಚಾ ಚಿತ್ರ ಬರೆದುಕೊಳ್ಳುವುದು, ಮುಂದಿನ ತರಗತಿಯಲ್ಲಿ ಸಾಮಗ್ರಿಯನ್ನು ಪರೀಕ್ಷಿಸುವುದು, ಆಮೇಲೆ ನಿಜವಾದ ಕೆಲಸ, ಕೊನೆಗೆ ಎಲ್ಲರ ಕೆಲಸವನ್ನೂ ಸಾಲಾಗಿಟ್ಟು ಮಾತಾಡುವುದು ಎಂಬುದು ಅದರ ಸಾಮಾನ್ಯ ಕ್ರಮ. ಬಿಡುವಿನಲ್ಲಿ ಮಗು ತನ್ನಷ್ಟಕ್ಕೆ ಬಿಡಿಸುವ ಚಿತ್ರ ಇದಕ್ಕಿಂತ ಕಡಿಮೆಯದೇನಲ್ಲ. ಆದರೆ ನಿನ್ನೆ ಆರಂಭಿಸಿದ್ದನ್ನು ಇಂದು ಮತ್ತೆ ನೋಡಿ, ಬದಲಿಸಬೇಕೋ ಬೇಡವೋ ಎಂದು ಯೋಚಿಸುವ ಅಭ್ಯಾಸ ಬೆಳೆಯುವುದು ಹೆಚ್ಚಾಗಿ ಪ್ರಾಜೆಕ್ಟಿನಲ್ಲಿ.

ಗೋಡೆಯ ಮೇಲೆ ಮೂವತ್ತು ಮಕ್ಕಳ ಕೆಲಸವೂ ಒಂದೇ ತರಹ ಕಾಣುತ್ತದೆ. ಇದು ಸರಿಯೇ?

ಹೀಗೆ ಕಂಡರೆ, ಮುಖ್ಯ ತೀರ್ಮಾನಗಳನ್ನೆಲ್ಲ ಶಿಕ್ಷಕರೇ ಮಾಡಿ ಮುಗಿಸಿದ್ದಾರೆ ಎಂದು ತಿಳಿಯಬಹುದು. ಮೊದಲೇ ಕತ್ತರಿಸಿಟ್ಟ ರೆಕ್ಕೆ, ಮೊದಲೇ ಕತ್ತರಿಸಿಟ್ಟ ಕೊಕ್ಕು, ಎಲ್ಲಿ ಅಂಟಿಸಬೇಕೆಂದು ತೋರಿಸುವ ಚುಕ್ಕೆಗೆರೆ ಇವೆಲ್ಲ ಇದ್ದಾಗ ಮಗುವಿನ ಪಾಲಿಗೆ ಉಳಿಯುವುದು ಅಂಟು ಹಚ್ಚುವ ಕೆಲಸ ಮಾತ್ರ. ಸೂಚನೆಯನ್ನು ಕೇಳಿ ಅದರಂತೆ ನಡೆಯುವ ಅಭ್ಯಾಸಕ್ಕೆ, ಬೆರಳುಗಳ ಹಿಡಿತಕ್ಕೆ ಅದು ಉಪಯೋಗವಾಗಬಹುದು. ಅಷ್ಟು ಮಟ್ಟಿಗೆ ಅದನ್ನು ತಳ್ಳಿಹಾಕುವಂತಿಲ್ಲವಾದರೂ ಅದನ್ನು ಕಲೆಯ ಪಾಠ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಹಾಗೆಂದು ಹಾಳೆಯನ್ನು ಮುಂದಿಟ್ಟು ‘ನಿನಗೆ ಬೇಕಾದದ್ದು ಬರೆ’ ಎಂದು ಬಿಟ್ಟುಬಿಡುವುದೂ ಪರಿಹಾರವಲ್ಲ. ಆಗ ಹೆಚ್ಚಿನ ಮಕ್ಕಳು ತಮಗೆ ಈಗಾಗಲೇ ಚೆನ್ನಾಗಿ ರೂಢಿಯಾಗಿರುವ ಒಂದು ಮನೆ, ಒಂದು ಮರ, ಮೂಲೆಯಲ್ಲೊಬ್ಬ ಸೂರ್ಯ ಇವನ್ನೇ ಮತ್ತೆ ಬರೆಯುತ್ತಾರೆ. ಒಂದು ಕಟ್ಟುಪಾಡನ್ನು ಇಟ್ಟು ಅದರೊಳಗೆ ಆಯ್ಕೆಗಳನ್ನು ತೆರೆದಿಡುವ ಕೆಲಸ ಇವೆರಡಕ್ಕಿಂತ ಹೆಚ್ಚು ಫಲ ಕೊಡುತ್ತದೆ. ‘ಹಕ್ಕಿ ಮಾಡಿ’ ಎನ್ನುವ ಬದಲು ‘ಹರಿದ ಕಾಗದದಿಂದ ಮಾತ್ರ, ಕತ್ತರಿ ಮುಟ್ಟದೆ, ಹಾರಲು ಹೊರಟಿರುವ ಒಂದು ಹಕ್ಕಿಯನ್ನು ಮಾಡಿ’ ಎಂದು ಹೇಳಿ ನೋಡಿ. ಎಲ್ಲರಿಗೂ ನಿಯಮ ಒಂದೇ ಆಗಿದ್ದರೂ, ರೆಕ್ಕೆ ಎತ್ತಿದೆಯೇ ಬಿಚ್ಚಿದೆಯೇ, ಕಾಲು ನೆಲದ ಮೇಲಿದೆಯೇ, ಹಕ್ಕಿ ಹಾಳೆಯ ತುಂಬ ಇದೆಯೇ ಅಥವಾ ಒಂದು ಮೂಲೆಯಲ್ಲಿದೆಯೇ ಎಂಬುದನ್ನು ಪ್ರತಿ ಮಗುವೂ ತಾನೇ ಬಗೆಹರಿಸಬೇಕಾಗುತ್ತದೆ. ಅಂಥ ಗೋಡೆಯ ಮುಂದೆ ನಿಂತಾಗ ಹೆಸರು ಓದದೆಯೇ ಇದು ಯಾರದು ಎಂದು ಶಿಕ್ಷಕರು ಊಹಿಸಬಲ್ಲರು.

ಯಾವ ವಯಸ್ಸಿನಲ್ಲಿ ಏನನ್ನು ನಿರೀಕ್ಷಿಸಬಹುದು?

ಮಕ್ಕಳ ಚಿತ್ರಗಳನ್ನು ಗಮನಿಸಿದ ವಿದ್ವಾಂಸರು ಒಂದು ಒರಟು ಕ್ರಮವನ್ನು ಗುರುತಿಸಿದ್ದಾರೆ. ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ಹಂತಗಳ ಪಟ್ಟಿಯನ್ನು ಕಲಾಶಿಕ್ಷಕರ ತರಬೇತಿಯಲ್ಲಿ ಇಂದಿಗೂ ಬಳಸುತ್ತಾರೆ. ಅದರಂತೆ 2ರಿಂದ 4 ವರ್ಷದವರೆಗೆ ಗೀಚುವ ಕಾಲ. 4ರಿಂದ 7ರ ನಡುವೆ ಗೀಚು ಗುರುತಿಸಬಹುದಾದ ಆಕಾರವಾಗುತ್ತದೆ. ತಲೆಯಿಂದಲೇ ನೇರವಾಗಿ ಕಾಲುಗಳು ಹೊರಟ ಮನುಷ್ಯನನ್ನು ನಾವು ನೋಡುವುದು ಈ ಹಂತದಲ್ಲಿ. 7ರಿಂದ 9ರ ಹೊತ್ತಿಗೆ ಮಗು ಮನೆಗೊಂದು, ಮರಕ್ಕೊಂದು, ಮನುಷ್ಯನಿಗೊಂದು ಸ್ಥಿರವಾದ ಮಾದರಿಯನ್ನು ಕಟ್ಟಿಕೊಂಡು, ಹಾಳೆಯ ಕೆಳಗೆ ನೆಲದ ಗೆರೆ ಎಳೆದು ಎಲ್ಲವನ್ನೂ ಅದರ ಮೇಲೆ ನಿಲ್ಲಿಸುತ್ತದೆ. ಮೇಲೆ ಆಕಾಶ ಒಂದು ನೀಲಿ ಪಟ್ಟಿಯಾಗಿರುತ್ತದೆ, ನಡುವೆ ಇರುವುದು ಗಾಳಿ. 9ರ ನಂತರ ಒಂದರ ಹಿಂದೆ ಒಂದು ವಸ್ತು ಮರೆಯಾಗುವುದು, ದೂರದ್ದು ಚಿಕ್ಕದಾಗುವುದು, ಬಟ್ಟೆಯ ವಿವರಗಳು ಕಾಣಿಸಿಕೊಳ್ಳುತ್ತವೆ.

ಗೀಚುವ ಹಂತದ ಬಗ್ಗೆ ರೋಡಾ ಕೆಲಾಗ್ ಮಾಡಿದ ಕೆಲಸ ಪ್ರಸಿದ್ಧವಾದದ್ದು. ಆಕೆ ಸುಮಾರು ಹತ್ತು ಲಕ್ಷ ಮಕ್ಕಳ ಚಿತ್ರಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಮರುಕಳಿಸುವ 20 ಮೂಲ ಗೀಚುಗಳನ್ನು ಗುರುತಿಸಿದರು. ಈ ವಯಸ್ಸಿನ ಗಡಿಗಳನ್ನು ಪರೀಕ್ಷೆಯ ಅಂಕಪಟ್ಟಿಯಂತೆ ಓದಬಾರದು. ಒಂದೇ ತರಗತಿಯಲ್ಲಿ ಎರಡು ವರ್ಷದಷ್ಟು ಅಂತರ ಸಾಮಾನ್ಯ. ಒಂದೇ ಮಗು ಪೆನ್ಸಿಲಿನಲ್ಲಿ ಮುಂದಿದ್ದು ಜೇಡಿಮಣ್ಣಿನಲ್ಲಿ ಹಿಂದಿರುವುದೂ ಉಂಟು. ಹೊಸ ಸಾಮಗ್ರಿ ಕೈಗೆ ಬಂದಾಗ ದೊಡ್ಡ ಮಕ್ಕಳೂ ಸ್ವಲ್ಪ ಹೊತ್ತು ಗೀಚುವ ಹಂತಕ್ಕೇ ಹೋಗಿ ಬರುತ್ತಾರೆ, ಅದಕ್ಕೆ ಸಮಯ ಕೊಡಬೇಕು.

ಕೈ ಕಾಲಿಗಿಂತ ಉದ್ದವಾಗಿದೆ, ಗೋಡೆಯ ಮೂಲಕ ಒಳಗಿನ ಮಂಚ ಕಾಣುತ್ತಿದೆ. ತಿದ್ದಬೇಕೇ?

ಬೇಡ. ಚೆಂಡು ಹಿಡಿಯುವವನ ಕೈ ಉದ್ದವಾಗಿರುವುದು, ಆ ಚಿತ್ರದಲ್ಲಿ ಕೈಗೇ ಕೆಲಸ ಇರುವುದರಿಂದ. ಗೋಡೆಯ ಮೂಲಕ ಮಂಚ ಕಾಣುವುದಕ್ಕೂ ಕಾರಣವಿದೆ: ಮಗು ಬರೆಯುತ್ತಿರುವುದು ಕಣ್ಣಿಗೆ ಬಿದ್ದದ್ದನ್ನಲ್ಲ, ತನಗೆ ಗೊತ್ತಿರುವುದನ್ನು. ಫ್ರೆಂಚ್ ವಿದ್ವಾಂಸ ಜಾರ್ಜ್ ಆನ್ರಿ ಲ್ಯುಕೆ 1927ರಲ್ಲೇ ಇದನ್ನು ಬುದ್ಧಿಯ ವಾಸ್ತವಿಕತೆ ಎಂದು ವಿವರಿಸಿದ್ದರು. ಮೇಜಿನ ನಾಲ್ಕು ಕಾಲುಗಳನ್ನೂ ನಾಲ್ಕು ದಿಕ್ಕಿಗೆ ಚಾಚಿ ಬರೆಯುವ ಮಗುವಿಗೆ ಮೇಜಿಗೆ ನಾಲ್ಕು ಕಾಲು ಇವೆಯೆಂಬುದು ಗೊತ್ತು. ಒಂದನ್ನು ಮರೆಮಾಡಿದರೆ ಅದು ಮೂರು ಕಾಲಿನ ಮೇಜಾಗಿಬಿಡುತ್ತದೆ ಎಂಬುದು ಅದರ ತರ್ಕ. ದೊಡ್ಡವರು ಮಗುವಿನ ಹಾಳೆಯ ಮೇಲೆಯೇ ಗೆರೆ ಎಳೆದು ಸರಿಪಡಿಸಿದರೆ ಆ ಚಿತ್ರ ಆಮೇಲೆ ಇಬ್ಬರದೂ ಆಗದೆ ಉಳಿಯುತ್ತದೆ. ತೋರಿಸಲೇಬೇಕೆಂದಿದ್ದರೆ ಬೇರೆ ಹಾಳೆಯಲ್ಲಿ ತೋರಿಸಿ, ಅದಕ್ಕಿಂತಲೂ ವಸ್ತುವನ್ನೇ ಮುಂದಿಟ್ಟು ‘ಇಲ್ಲಿಂದ ನೋಡಿದರೆ ನಿನಗೆ ಎಷ್ಟು ಕಾಲು ಕಾಣುತ್ತವೆ?’ ಎಂದು ಕೇಳಿ.

ಮಗು ಬರೀ ಕಪ್ಪು ಬಣ್ಣದಲ್ಲೇ ಬರೆಯುತ್ತಿದೆ. ಅದರ ಮನಸ್ಸಿನಲ್ಲಿ ಏನೋ ನೋವಿದೆಯೇ?

ಬಣ್ಣವೊಂದನ್ನೇ ನೋಡಿ ಹಾಗೆ ಹೇಳಲು ಆಗುವುದಿಲ್ಲ. ಬಿಳಿ ಹಾಳೆಯ ಮೇಲೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕಪ್ಪು. ಎಷ್ಟೋ ಸಲ ಪೆಟ್ಟಿಗೆಯಲ್ಲಿ ಮುರಿಯದೆ ಉಳಿದ ಕ್ರೇಯಾನ್ ಅದೊಂದೇ ಆಗಿರುತ್ತದೆ, ಅಥವಾ ಕೆಂಪನ್ನು ಪಕ್ಕದವರು ತೆಗೆದುಕೊಂಡಿರುತ್ತಾರೆ. ಚಿತ್ರದಿಂದ ಮಕ್ಕಳನ್ನು ಅಳೆಯುವ ಪ್ರಯತ್ನಗಳು ಹಳೆಯವು. ಫ್ಲಾರೆನ್ಸ್ ಗುಡ್‌ಇನಫ್ 1926ರಲ್ಲಿ ಮನುಷ್ಯನ ಚಿತ್ರ ಬರೆಸಿ, ಅದರಲ್ಲಿರುವ ವಿವರಗಳನ್ನು ಎಣಿಸಿ ಬುದ್ಧಿಮಟ್ಟವನ್ನು ಅಂದಾಜಿಸುವ ಪರೀಕ್ಷೆಯನ್ನು ರೂಪಿಸಿದರು. ಆದರೆ ಒಂದೇ ಚಿತ್ರದಿಂದ ಭಾವನಾತ್ಮಕ ಸಮಸ್ಯೆಯನ್ನು ಪತ್ತೆಹಚ್ಚುವುದು ವಿಶ್ವಾಸಾರ್ಹವಲ್ಲ ಎಂಬ ಟೀಕೆ ಮನಶ್ಶಾಸ್ತ್ರದಲ್ಲಿ ಬಲವಾಗಿಯೇ ಇದೆ. ಚಿತ್ರದ ಜೊತೆಗೆ ಮಗುವಿನ ನಿದ್ರೆ, ಊಟ, ಆಟ, ಮಾತು ಇವುಗಳಲ್ಲೂ ಬದಲಾವಣೆ ಕಂಡರೆ ಆಗ ವಿಚಾರಿಸಬೇಕು. ಮಗು ತಾನು ಬರೆದ ಚಿತ್ರವನ್ನು ತೋರಿಸುತ್ತಾ ಆತಂಕಪಡಬೇಕಾದ ಸಂಗತಿಯನ್ನೇ ಹೇಳಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು.

ಒಂಬತ್ತು ಹತ್ತು ವರ್ಷದ ಮಗು ‘ನನಗೆ ಚಿತ್ರ ಬರುವುದಿಲ್ಲ’ ಎಂದು ಕೈಬಿಡುತ್ತಿದೆ. ಏನು ಮಾಡಬೇಕು?

ಕೈಗಿಂತ ಮೊದಲು ಕಣ್ಣು ಬೆಳೆದುಬಿಡುವ ವಯಸ್ಸು ಇದು. ಚಿಕ್ಕವರಿದ್ದಾಗ ತಾವು ಬರೆದ ಕುದುರೆ ಕುದುರೆಯೇ ಆಗಿತ್ತು. ಈಗ ಅದು ಕುದುರೆಯಂತೆ ಕಾಣುತ್ತಿಲ್ಲ ಎಂಬುದು ಅವರಿಗೇ ಗೊತ್ತಾಗುತ್ತದೆ, ಪಕ್ಕದ ಗೆಳೆಯನ ಚಿತ್ರದೊಂದಿಗೆ ಹೋಲಿಕೆಯೂ ಆರಂಭವಾಗುತ್ತದೆ. ‘ಇಲ್ಲ, ಚೆನ್ನಾಗಿಯೇ ಇದೆ’ ಎಂಬ ಸಮಾಧಾನವನ್ನು ಈ ಮಕ್ಕಳು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅವರ ದೂರು ನಿಜವಾದದ್ದು. ಅವರಿಗೆ ಬೇಕಾದದ್ದು ಕೌಶಲ: ವಸ್ತುವನ್ನೇ ನೋಡುತ್ತಾ ನಿಧಾನವಾಗಿ ಅಂಚಿನ ಗೆರೆ ಎಳೆಯುವುದು, ವಸ್ತುಗಳ ನಡುವಿನ ಖಾಲಿ ಜಾಗದ ಆಕಾರವನ್ನು ಬರೆಯುವುದು, ಚಿತ್ರವೊಂದನ್ನು ತಲೆಕೆಳಗಾಗಿಸಿ ನಕಲು ಮಾಡುವುದು, ಪೆನ್ಸಿಲನ್ನು ಮುಂದೆ ಹಿಡಿದು ಅಳತೆ ತೆಗೆದುಕೊಳ್ಳುವುದು.

ಇದರ ಜೊತೆಗೆ, ಹೋಲಿಕೆಯೇ ಮುಖ್ಯವಲ್ಲದ ಕೆಲಸಗಳನ್ನೂ ಇದೇ ವಯಸ್ಸಿನಲ್ಲಿ ಹೆಚ್ಚಾಗಿ ಕೊಡುವುದು ಜಾಣತನ. ಅಚ್ಚು ಒತ್ತುವುದು, ಕೊಲಾಜ್, ನೇಯ್ಗೆ, ತಂತಿಯಲ್ಲಿ ಆಕೃತಿ ಮಾಡುವುದು, ಅಕ್ಷರ ವಿನ್ಯಾಸ ಇವುಗಳಲ್ಲಿ ‘ಅದರ ಹಾಗೆಯೇ ಕಾಣುತ್ತದೆಯೇ’ ಎಂಬ ಪ್ರಶ್ನೆ ಏಳುವುದಿಲ್ಲ. ನಿಜವಾಗಿಯೂ ‘ಬರುವುದಿಲ್ಲ’ ಎಂದು ಕುಳಿತ ಎಷ್ಟೋ ಮಕ್ಕಳು ತಂತಿ ಕೈಗೆ ಸಿಕ್ಕಾಗ ತರಗತಿಯಲ್ಲೇ ಮುಂದಿರುತ್ತಾರೆ.

ಮಕ್ಕಳ ಚಿತ್ರಗಳಿಗೆ ಕಲೆಯೆಂಬ ಗೌರವ ಯಾವಾಗ ಬಂತು?

ಮಕ್ಕಳು ಚಿತ್ರ ಬರೆಯುವುದು ಹೊಸದೇನಲ್ಲ. ರಷ್ಯಾದ ನವ್‌ಗೊರೊದ್ ನಗರದಲ್ಲಿ ಉತ್ಖನನ ಮಾಡಿದಾಗ, 13ನೆಯ ಶತಮಾನದಲ್ಲಿ ಬದುಕಿದ್ದ ಒನ್‌ಫಿಮ್ ಎಂಬ ಹುಡುಗ ಬರ್ಚ್ ಮರದ ತೊಗಟೆಯ ಮೇಲೆ ಗೀರಿದ ಅಕ್ಷರಾಭ್ಯಾಸವೂ ಚಿತ್ರಗಳೂ ಸಿಕ್ಕಿವೆ. ಅಕ್ಷರಮಾಲೆಯನ್ನು ಅರ್ಧಕ್ಕೆ ನಿಲ್ಲಿಸಿ, ಕುದುರೆಯ ಮೇಲೆ ಕುಳಿತು ಶತ್ರುವನ್ನು ಈಟಿಯಿಂದ ತಿವಿಯುತ್ತಿರುವ ವೀರನಾಗಿ ತನ್ನನ್ನೇ ಬರೆದುಕೊಂಡ ಆ ಹುಡುಗನಿಗೂ ಇಂದಿನ ಮೂರನೆಯ ತರಗತಿಯ ಹಿಂದಿನ ಬೆಂಚಿಗೂ ಹೆಚ್ಚು ದೂರವಿಲ್ಲ.

ಶಾಲೆಗಳಲ್ಲಿ ಮಾತ್ರ 19ನೆಯ ಶತಮಾನದುದ್ದಕ್ಕೂ ಚಿತ್ರಕಲೆಯೆಂದರೆ ಬಹುಪಾಲು ರೇಖಾಗಣಿತದ ಆಕಾರಗಳನ್ನೂ ಮಾದರಿ ಚಿತ್ರಗಳನ್ನೂ ನಕಲು ಮಾಡುವುದಾಗಿತ್ತು. ವಿಯೆನ್ನಾದಲ್ಲಿ ಫ್ರಾನ್ಸ್ ಚಿಜೆಕ್ 1897ರಲ್ಲಿ ಮಕ್ಕಳಿಗಾಗಿಯೇ ಕಲಾ ತರಗತಿ ತೆರೆದು, ನಕಲು ಮಾಡಿಸದೆ ಅವರವರ ಕಲ್ಪನೆಗೆ ಬಿಟ್ಟದ್ದು ಈ ದಿಕ್ಕಿನಲ್ಲಿ ದೊಡ್ಡ ತಿರುವು. ಚಿತ್ರಕಾರ ಪಾಲ್ ಕ್ಲೀ 1911ರಲ್ಲಿ ತನ್ನ ಕೃತಿಗಳ ಪಟ್ಟಿಯನ್ನು ಬರೆದಿಡಲು ಆರಂಭಿಸಿದಾಗ, ತಾನು ಬಾಲ್ಯದಲ್ಲಿ ಬರೆದ ಕೆಲವು ಚಿತ್ರಗಳನ್ನೂ ಅದರಲ್ಲಿ ಸೇರಿಸಿಕೊಂಡ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯಹೂದಿಗಳನ್ನು ನಾಜಿಗಳು ಕೂಡಿಹಾಕಿದ್ದ ಟೆರೆಜಿನ್ ಬಂದಿ ನೆಲೆಯಲ್ಲಿ ಕಲಾವಿದೆ ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಮಕ್ಕಳಿಗೆ ಗುಟ್ಟಾಗಿ ಚಿತ್ರಕಲೆ ಕಲಿಸಿದರು. 1944ರಲ್ಲಿ ಆಕೆಯನ್ನು ಆಶ್‌ವಿಟ್ಜ್ ಎಂಬ ನಾಜಿ ಸಾವಿನ ಶಿಬಿರಕ್ಕೆ ಸಾಗಿಸಿ ಕೊಲ್ಲಲಾಯಿತು. ಹೊರಡುವ ಮುನ್ನ ಸೂಟ್‌ಕೇಸ್‌ಗಳಲ್ಲಿ ತುಂಬಿಟ್ಟಿದ್ದ ಸುಮಾರು 4,500 ಚಿತ್ರಗಳು ಉಳಿದುಕೊಂಡು ಇಂದು ಪ್ರಾಗ್‌ನ ಯಹೂದಿ ಸಂಗ್ರಹಾಲಯದಲ್ಲಿವೆ. ಆ ಹಾಳೆಗಳ ಮೇಲೆ ಆಕೆ ಮಕ್ಕಳಿಂದ ಅವರ ಹೆಸರನ್ನು ಬರೆಸಿದ್ದರು. ಹಾಳೆಯ ಮೇಲೆ ಮಗುವಿನ ಹೆಸರು ಇರಲೇಬೇಕು ಎಂದು ನಾವು ಹಟ ಹಿಡಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಬಣ್ಣ ಕಲಸಿದರೆ ಯಾವಾಗಲೂ ಕೆಸರಿನಂತಾಗುತ್ತದೆ. ಏಕೆ?

ಕೆಂಪು, ಹಳದಿ, ನೀಲಿ ಮೂರೂ ಒಂದೇ ಕಡೆ ಸೇರಿದರೆ ಕಂದು ಅಥವಾ ಬೂದು ಬಣ್ಣ ಬರುತ್ತದೆ. ತೊಳೆಯದ ಬ್ರಷ್, ಕೊಳೆಯಾದ ನೀರು ಇವುಗಳಿಂದ ನಮಗೆ ಗೊತ್ತಿಲ್ಲದೆಯೇ ಮೂರನೆಯ ಬಣ್ಣ ಸೇರಿಕೊಳ್ಳುತ್ತದೆ. ಇನ್ನೊಂದು ಕಾರಣ ಬಣ್ಣದ ಡಬ್ಬಿಯಲ್ಲೇ ಇದೆ. ಕಿತ್ತಳೆಯ ಕಡೆಗೆ ವಾಲುವ ಕೆಂಪಿನಲ್ಲಿ ಹಳದಿಯ ಛಾಯೆ ಮೊದಲೇ ಇರುವುದರಿಂದ ಅದಕ್ಕೆ ನೀಲಿ ಸೇರಿಸಿದಾಗ ನೇರಳೆ ಬಾರದೆ ಮಂಕು ಕಂದು ಬರುತ್ತದೆ. ನೇರಳೆ ಬೇಕಾದರೆ ಮಜೆಂಟಾದಂತಹ, ಗುಲಾಬಿಯ ಕಡೆಗೆ ವಾಲುವ ಕೆಂಪನ್ನು ಬಳಸಬೇಕು. ಹಗುರ ಬಣ್ಣವನ್ನು ಮೊದಲು ತೆಗೆದುಕೊಂಡು ಗಾಢ ಬಣ್ಣವನ್ನು ಬ್ರಷ್‌ನ ತುದಿಯಷ್ಟೇ ಸೇರಿಸುತ್ತಾ ಹೋಗುವುದನ್ನು ಕಲಿಸಿದರೆ ಅರ್ಧದಷ್ಟು ಬಣ್ಣ ಉಳಿಯುತ್ತದೆ. ಹಳದಿಗೆ ಚೂರೇ ಚೂರು ಕಪ್ಪು ಸೇರಿಸಿದರೆ ಪಾಚಿ ಹಸಿರು ಬರುವುದನ್ನು ಮಕ್ಕಳಿಗೆ ಮೊದಲೇ ಹೇಳದೆ ಅವರೇ ಕಂಡುಕೊಳ್ಳಲು ಬಿಡಿ. ತರಗತಿಯಲ್ಲಿ ಏಳುವ ಗದ್ದಲವನ್ನು ಸಹಿಸಿಕೊಂಡರೆ ಸಾಕು.

ಯಾವ ಕಾಗದ ಬಳಸಬೇಕು?

ಕಚೇರಿಯಲ್ಲಿ ಬಳಸುವ 70–80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಕಾಗದ ಪೆನ್ಸಿಲಿಗೂ ಕ್ರೇಯಾನಿಗೂ ಸಾಕು. ನೀರು ತಾಗಿದ ಕಡೆ ಕಾಗದದ ನಾರು ಉಬ್ಬುವುದರಿಂದ ತೆಳು ಹಾಳೆ ಅಲೆಅಲೆಯಾಗಿ ಸುಕ್ಕುಗಟ್ಟುತ್ತದೆ. ಪೋಸ್ಟರ್ ಕಲರ್‌ಗೆ 150 ಜಿಎಸ್‌ಎಂಗಿಂತ ಮೇಲೆ, ಹೆಚ್ಚು ನೀರು ಬಳಸುವ ಜಲವರ್ಣಕ್ಕೆ 200ರಿಂದ 300 ಜಿಎಸ್‌ಎಂ ಇದ್ದರೆ ಒಳ್ಳೆಯದು. ಗಾತ್ರವೂ ಮುಖ್ಯ. ಚಿಕ್ಕ ಮಕ್ಕಳು ತೋಳನ್ನೇ ಬೀಸಿ ಬರೆಯುವುದರಿಂದ ಅವರಿಗೆ ಎ4ಗಿಂತ ಎ3 ಹಾಳೆ ಅನುಕೂಲ.

ಮೇಣದ ಬಣ್ಣದ ಮೇಲೆ ಜಲವರ್ಣ ಹಚ್ಚುವುದು, ಉಪ್ಪು ಉದುರಿಸುವುದು ಇವೆಲ್ಲ ಬರೀ ಚಮತ್ಕಾರವಲ್ಲವೇ?

ಅಲ್ಲಿಗೇ ನಿಲ್ಲಿಸಿದರೆ ಚಮತ್ಕಾರವೇ. ಮೇಣ ನೀರನ್ನು ಹಿಡಿದುಕೊಳ್ಳದ ಕಾರಣ ಕ್ರೇಯಾನಿನ ಗೆರೆಯ ಮೇಲೆ ನೀರುಬಣ್ಣ ನಿಲ್ಲದೆ ಸರಿದುಹೋಗುತ್ತದೆ; ಒದ್ದೆ ಬಣ್ಣದ ಮೇಲೆ ಬಿದ್ದ ಉಪ್ಪಿನ ಹರಳು ಸುತ್ತಲಿನ ನೀರನ್ನು ಎಳೆದುಕೊಂಡು ನಕ್ಷತ್ರದಂತಹ ಗುರುತು ಬಿಡುತ್ತದೆ. ಮಕ್ಕಳು ಬೆರಗಾಗುವುದು ಸಹಜ. ಆದರೆ ಮುಂದಿನ ತರಗತಿಯಲ್ಲಿ ‘ಈ ಗುಣವನ್ನು ಯಾವ ಚಿತ್ರಕ್ಕೆ ಬಳಸುತ್ತೀರಿ?’ ಎಂದು ಕೇಳಿದಾಗಲೇ ಪಾಠ ಆರಂಭವಾಗುತ್ತದೆ. ಒಬ್ಬರು ಬಿಳಿ ಕ್ರೇಯಾನಿನಿಂದ ಕಾಣದ ಮಳೆಯನ್ನು ಬರೆದು ಮೇಲೆ ಬೂದು ಬಣ್ಣ ಹಚ್ಚಬಹುದು, ಇನ್ನೊಬ್ಬರು ಜೇಡರ ಬಲೆಯನ್ನು ಅಡಗಿಸಿಡಬಹುದು.

ಮಣ್ಣಿನ ಕೆಲಸ ಒಣಗುವಾಗ ಬಿರುಕು ಬಿಡುತ್ತದೆ, ಆವಿಗೆಯಲ್ಲಿ ಸಿಡಿಯುತ್ತದೆ. ತಡೆಯುವುದು ಹೇಗೆ?

ಜೇಡಿಮಣ್ಣು ಒಣಗುವಾಗ ಕುಗ್ಗುತ್ತದೆ. ಆನೆಯ ದಪ್ಪ ಹೊಟ್ಟೆ ಇನ್ನೂ ಒದ್ದೆಯಿರುವಾಗಲೇ ಅದರ ತೆಳು ಬಾಲ ಒಣಗಿ ಕುಗ್ಗಿದರೆ ಎರಡರ ನಡುವೆ ಎಳೆತ ಉಂಟಾಗಿ ಬಿರುಕು ಬೀಳುತ್ತದೆ. ಗೋಡೆಯ ದಪ್ಪ ಎಲ್ಲ ಕಡೆಯೂ ಸುಮಾರು ಒಂದೇ ಇರುವಂತೆ, ಒಂದು ಸೆಂಟಿಮೀಟರಿಗಿಂತ ಹೆಚ್ಚಾಗದಂತೆ ನೋಡಿಕೊಂಡು, ಕೆಲಸದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಹೊದಿಸಿ, ಬಿಸಿಲಿಗೆ ಇಡದೆ ಒಂದು ವಾರಕ್ಕೂ ಹೆಚ್ಚು ಕಾಲ ನಿಧಾನವಾಗಿ ಒಣಗಿಸಬೇಕು.

ಕಿವಿ, ಹಿಡಿಕೆ, ಕಾಲು ಉದುರುವುದಕ್ಕೆ ಕಾರಣ ಬಹುತೇಕ ಒಂದೇ: ಮಗು ಅವನ್ನು ಸುಮ್ಮನೆ ಒತ್ತಿ ಅಂಟಿಸಿರುತ್ತದೆ. ಸೇರಿಸಬೇಕಾದ ಎರಡೂ ಮೈಗಳ ಮೇಲೆ ಹಳೆಯ ಫೋರ್ಕ್‌ನಿಂದ ಅಡ್ಡಡ್ಡ ಗೀರು ಹಾಕಿ, ನೀರಿನಲ್ಲಿ ಕಲಸಿದ ಅದೇ ಮಣ್ಣಿನ ರಾಡಿಯನ್ನು ಹಚ್ಚಿ, ಒತ್ತಿ, ಸಂದನ್ನು ಬೆರಳಿನಿಂದ ಸವರಿ ಮುಚ್ಚಬೇಕು. ಇದನ್ನು ಪ್ರತಿ ಮಗುವಿಗೂ ಕೈಯಿಂದ ಮಾಡಿಸಿಯೇ ಕಲಿಸಬೇಕು, ಬರೀ ಹೇಳಿದರೆ ಯಾರೂ ಮಾಡುವುದಿಲ್ಲ.

ಸಿಡಿಯುವುದಕ್ಕೆ ‘ಗಾಳಿಗುಳ್ಳೆ’ಯನ್ನು ದೂರುವ ರೂಢಿಯಿದೆ, ನಿಜವಾದ ಕಾರಣ ಒಳಗೆ ಉಳಿದ ತೇವ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹೆಚ್ಚುತ್ತದೆ, ದಪ್ಪ ಮಣ್ಣಿನೊಳಗಿಂದ ಅದು ಬೇಗನೆ ಹೊರಬರಲಾಗದೆ ಗೋಡೆಯನ್ನೇ ಒಡೆಯುತ್ತದೆ. ಕೆನ್ನೆಗೆ ಮುಟ್ಟಿಸಿದಾಗ ತಣ್ಣಗೆನಿಸುವ ಮಣ್ಣಿನಲ್ಲಿ ತೇವ ಇನ್ನೂ ಇದೆ ಎಂದೇ ತಿಳಿಯಬೇಕು. ದಪ್ಪ ಆಕೃತಿಗಳ ಒಳಭಾಗವನ್ನು ಕೆಳಗಿನಿಂದ ಟೊಳ್ಳು ಮಾಡಿಸಿ, ಮುಚ್ಚಿದ ಟೊಳ್ಳಿಗೆ ಒಂದು ಸಣ್ಣ ರಂಧ್ರ ಬಿಟ್ಟು, ಆವಿಗೆಯ ಶಾಖವನ್ನು 100 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ತೀರ ನಿಧಾನವಾಗಿ ಏರಿಸಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಮೊದಲ ಸುಡುವಿಕೆ ಸಾಮಾನ್ಯವಾಗಿ 1,000 ಡಿಗ್ರಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಆವಿಗೆಯಿಲ್ಲದ ಶಾಲೆಯಲ್ಲಿ ಗಾಳಿಗೆ ಒಣಗಿ ಗಟ್ಟಿಯಾಗುವ ಮಣ್ಣು ಸಾಕಾಗುತ್ತದೆ, ಆದರೆ ಅದರಲ್ಲಿ ಮಾಡಿದ ಲೋಟ ನೀರು ಕುಡಿಯಲು ಬಾರದು ಎಂದು ಮಗುವಿಗೆ ಮೊದಲೇ ಹೇಳಿಬಿಡಿ.

ಕಾಗದದ ಮುಖವಾಡ ಒಂದೇ ತರಗತಿಯಲ್ಲಿ ಮುಗಿಯುತ್ತದೆಯೇ?

ಇಲ್ಲ. ಒಂದು ಪಾಲು ಹಿಟ್ಟಿಗೆ ಸುಮಾರು ಎರಡು ಪಾಲು ನೀರಿನ ಅಂಟಿನಲ್ಲಿ ಹಳೆಯ ಪತ್ರಿಕೆಯ ಪಟ್ಟಿಗಳನ್ನು ಅದ್ದಿ, ಮೂರು ನಾಲ್ಕು ಪದರ ಹಾಕಬೇಕು. ನಡುವೆ ಒಣಗಲು ಬಿಡದಿದ್ದರೆ ಬೂಷ್ಟು ಹಿಡಿಯುತ್ತದೆ.

ಅಚ್ಚಿನಲ್ಲಿ ಹೆಸರು ಉಲ್ಟಾ ಬರುತ್ತದೆ. ಮೊದಲೇ ಎಚ್ಚರಿಸಬೇಕೇ?

ಒಮ್ಮೆ ಉಲ್ಟಾ ಬರಲಿ ಬಿಡಿ. ಅಚ್ಚು ಕನ್ನಡಿಯ ಬಿಂಬವನ್ನು ಕೊಡುತ್ತದೆ ಎಂಬುದು ಆ ಒಂದು ಹಾಳೆಯಿಂದ ಗೊತ್ತಾದಷ್ಟು ಚೆನ್ನಾಗಿ ಯಾವ ವಿವರಣೆಯಿಂದಲೂ ಗೊತ್ತಾಗುವುದಿಲ್ಲ. ಎರಡನೆಯ ಸಲ, ಹೆಸರನ್ನು ತೆಳು ಕಾಗದದ ಮೇಲೆ ಬರೆದು ಹಿಂದುಮುಂದು ಮಾಡಿ ಅಚ್ಚಿನ ಫಲಕದ ಮೇಲೆ ಗುರುತು ತೆಗೆದುಕೊಳ್ಳುವುದನ್ನು ತೋರಿಸಿ. ಮೃದುವಾದ ಥರ್ಮೋಕೋಲ್ ತಟ್ಟೆಯ ಮೇಲೆ ಪೆನ್ಸಿಲಿನಿಂದ ಒತ್ತಿ ಬರೆದು ಅಚ್ಚು ತೆಗೆಯುವ ವಿಧಾನಕ್ಕೆ ಚೂಪಾದ ಉಪಕರಣವೇ ಬೇಕಾಗದ ಕಾರಣ ಚಿಕ್ಕ ತರಗತಿಗಳಿಗೆ ಅದು ಸೂಕ್ತ.

ಸಾಮಗ್ರಿ ಸುರಕ್ಷಿತವೇ ಎಂದು ತಿಳಿಯುವುದು ಹೇಗೆ?

ಪೆಟ್ಟಿಗೆಯ ಮೇಲಿನ ಗುರುತುಗಳನ್ನು ಓದಿ. ಅಮೆರಿಕದ ಮಾನದಂಡಕ್ಕೆ ಒಳಪಟ್ಟ ಬಣ್ಣಗಳ ಮೇಲೆ ‘ಎಎಸ್‌ಟಿಎಂ ಡಿ-4236’ ಎಂದೂ, ಯುರೋಪಿನ ಆಟಿಕೆ ಮಾನದಂಡವನ್ನು ಪಾಲಿಸಿದವುಗಳ ಮೇಲೆ ‘ಇಎನ್ 71’ ಎಂದೂ ಇರುತ್ತದೆ. ಮೊದಲನೆಯದು ಅಪಾಯವಿದ್ದರೆ ಅದನ್ನು ಚೀಟಿಯಲ್ಲಿ ತಿಳಿಸಲಾಗಿದೆ ಎಂಬುದನ್ನಷ್ಟೇ ಸೂಚಿಸುತ್ತದೆ, ಆದ್ದರಿಂದ ಎಚ್ಚರಿಕೆಯ ಸಾಲುಗಳನ್ನೂ ಓದಬೇಕು. ತೀಕ್ಷ್ಣ ವಾಸನೆಯ ಮಾರ್ಕರ್, ಸ್ಪ್ರೇ ಅಂಟು, ಸೀಸ ಬೆರೆತ ಮೆರುಗು ಇವು ಮಕ್ಕಳ ತರಗತಿಗೆ ಬೇಡ. ಹೆಚ್ಚಿನವರು ಮರೆಯುವ ಅಪಾಯ ಒಣಮಣ್ಣಿನ ದೂಳು: ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ಹಾನಿ ಮಾಡುವ ಸಿಲಿಕಾ ಅದರಲ್ಲಿ ಇರುವುದರಿಂದ ನೆಲವನ್ನೂ ಮೇಜನ್ನೂ ಗುಡಿಸದೆ ಒದ್ದೆ ಬಟ್ಟೆಯಿಂದಲೇ ಒರೆಸಬೇಕು.

ಕೆಲವು ಮಕ್ಕಳಿಗೆ ಕತ್ತರಿ ಬಗ್ಗುವುದಿಲ್ಲ, ಕೆಲವರು ಬಣ್ಣ ತಪ್ಪಾಗಿ ತೆಗೆಯುತ್ತಾರೆ. ಇದು ಅಲಕ್ಷ್ಯವೇ?

ಮಗು ಎಡಚವೇ ಎಂದು ಮೊದಲು ನೋಡಿ. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದಾಗ ಅಲಗುಗಳು ಒಂದರಿಂದೊಂದು ದೂರ ಸರಿದು ಕಾಗದ ಮಡಚಿಕೊಳ್ಳುತ್ತದೆ, ಕತ್ತರಿಸಬೇಕಾದ ಗೆರೆಯೂ ಅಲಗಿನ ಹಿಂದೆ ಮರೆಯಾಗುತ್ತದೆ. ಎಡಗೈ ಕತ್ತರಿ ಬೇರೆಯೇ ಸಿಗುತ್ತದೆ. ಬಣ್ಣದ ವಿಷಯದಲ್ಲಿ, ಕೆಂಪು–ಹಸಿರು ವ್ಯತ್ಯಾಸ ಕಾಣದಿರುವ ಸ್ಥಿತಿ ಹುಟ್ಟಿನಿಂದಲೇ ಬರುತ್ತದೆ. ಉತ್ತರ ಯುರೋಪ್ ಮೂಲದ ಜನರಲ್ಲಿ ಸುಮಾರು 12 ಹುಡುಗರಿಗೆ ಒಬ್ಬ, 200 ಹುಡುಗಿಯರಿಗೆ ಒಬ್ಬಳು ಹೀಗಿರುತ್ತಾರೆ. ಮರದ ಕಾಂಡವನ್ನು ಹಸಿರಾಗಿಸಿದ ಮಗುವನ್ನು ಎಲ್ಲರೆದುರು ನಗೆಪಾಟಲು ಮಾಡುವ ಮೊದಲು ಇದನ್ನು ನೆನೆಯಬೇಕು. ಕ್ರೇಯಾನಿನ ಮೇಲೆ ಬಣ್ಣದ ಹೆಸರು ಉಳಿಯುವಂತೆ ಸುತ್ತಿದ ಕಾಗದವನ್ನು ಕಿತ್ತುಹಾಕದಿದ್ದರೆ ಅಷ್ಟರಿಂದಲೇ ಅನುಕೂಲವಾಗುತ್ತದೆ.

ಪ್ರಸಿದ್ಧ ಕಲಾವಿದರ ಚಿತ್ರವನ್ನು ನಕಲು ಮಾಡಿಸಬಹುದೇ?

ಚಿತ್ರವನ್ನು ನಕಲು ಮಾಡಿಸುವುದಕ್ಕಿಂತ ಕಲಾವಿದರು ಎದುರಿಸಿದ ಸಮಸ್ಯೆಯನ್ನು ಮಕ್ಕಳ ಮುಂದಿಡುವುದು ಲೇಸು. ಆನ್ರಿ ಮಾತೀಸ್ ತನ್ನ ಕೊನೆಯ ವರ್ಷಗಳಲ್ಲಿ, ಕಾಯಿಲೆಯಿಂದ ನಿಂತು ಚಿತ್ರಿಸುವುದು ಕಷ್ಟವಾದಾಗ, ಬಣ್ಣ ಬಳಿದ ಕಾಗದವನ್ನು ಕತ್ತರಿಸಿ ಜೋಡಿಸತೊಡಗಿದ. 1953ರ ‘ಬಸವನಹುಳು’ ಆ ಬಗೆಯದು. ತರಗತಿಯಲ್ಲಿ ಮೂವತ್ತು ಬಸವನಹುಳುಗಳನ್ನು ಅಂಟಿಸಿ ಏನು ಪ್ರಯೋಜನ? ಪೆನ್ಸಿಲಿನ ಗುರುತಿಲ್ಲದೆ ನೇರ ಕತ್ತರಿಯಿಂದಲೇ ಆಕಾರ ‘ಬರೆಯುವುದು’ ಹೇಗೆ, ಚೂರುಗಳನ್ನು ಅಂಟಿಸುವ ಮುನ್ನ ಎಷ್ಟು ಬಗೆಯಲ್ಲಿ ಸರಿಸಿ ನೋಡಬಹುದು ಎಂಬುದನ್ನು ಮಕ್ಕಳು ತಮ್ಮ ತಮ್ಮ ವಿಷಯದಲ್ಲೇ ಕಂಡುಕೊಳ್ಳಲಿ.

ಮಗು ಚಿತ್ರ ತೋರಿಸಿದಾಗ ಏನು ಹೇಳಬೇಕು? ಬಹುಮಾನ, ಅಂಕ ಕೊಡಬಹುದೇ?

‘ತುಂಬಾ ಚೆನ್ನಾಗಿದೆ’ ಎಂಬ ಮಾತು ತಪ್ಪಲ್ಲ, ಆದರೆ ಅದರಿಂದ ಮಾತುಕತೆ ಮುಗಿದುಹೋಗುತ್ತದೆ. ‘ಏನಿದು?’ ಎಂದು ಕೇಳಿದರೆ, ಗುರುತು ಸಿಗುವಂತೆ ಬರೆಯಲು ತನಗೆ ಬರಲಿಲ್ಲ ಎಂದು ಮಗು ಭಾವಿಸಬಹುದು. ಕಣ್ಣಿಗೆ ಕಂಡದ್ದನ್ನೇ ಹೇಳಿ: ‘ಇಲ್ಲಿ ನೀಲಿಯನ್ನು ಮೂರು ಬಗೆಯಾಗಿ ಹಚ್ಚಿದ್ದೀಯ’, ‘ಈ ಮೂಲೆಯನ್ನು ಖಾಲಿ ಬಿಟ್ಟಿದ್ದೀಯಲ್ಲ’. ಉಳಿದದ್ದನ್ನು ಮಗುವೇ ಹೇಳುತ್ತದೆ.

ಬಹುಮಾನದ ಬಗ್ಗೆ 1973ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು, ಚಿತ್ರ ಬರೆಯುವುದನ್ನು ಮೊದಲೇ ಇಷ್ಟಪಡುತ್ತಿದ್ದ 3ರಿಂದ 5 ವರ್ಷದ ಮಕ್ಕಳಲ್ಲಿ ಕೆಲವರಿಗೆ ‘ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮುಂಚಿತವಾಗಿ ಹೇಳಿ ಬರೆಸಿದರು. ಕೆಲವು ದಿನಗಳ ಬಳಿಕ ಬಿಡುವಿನ ಆಟದ ಹೊತ್ತಿನಲ್ಲಿ ನೋಡಿದಾಗ, ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಸಮಯ ಮಾತ್ರ ಚಿತ್ರ ಬರೆಯಲು ಕುಳಿತರು. ಹೇಳದೆ ಕೊಟ್ಟ ಪ್ರಶಸ್ತಿಯಿಂದ ಅಂಥ ಹಾನಿಯಾಗಲಿಲ್ಲ. ಅಂಕ ಕೊಡುವುದು ಶಾಲೆಯ ನಿಯಮವೇ ಆಗಿದ್ದರೆ ಚಿತ್ರದ ಅಂದಕ್ಕೆ ಕೊಡದೆ, ಎರಡು ಮೂರು ಯೋಚನೆಗಳನ್ನು ಪ್ರಯತ್ನಿಸಿತೇ, ತಂತ್ರವನ್ನು ಕಲಿತಿತೇ, ತನ್ನ ಆಯ್ಕೆಗೆ ಕಾರಣ ಹೇಳಬಲ್ಲುದೇ ಎಂಬುದಕ್ಕೆ ಕೊಡಿ.

ಎಲ್ಲರ ಕೆಲಸವನ್ನೂ ಪ್ರದರ್ಶಿಸಬೇಕೇ? ಅಂತರ್ಜಾಲದಲ್ಲಿ ಹಾಕಬಹುದೇ?

ಶಾಲೆಯ ಗೋಡೆಯಲ್ಲಿ ಎಲ್ಲರಿಗೂ ಜಾಗವಿರಬೇಕು, ಅದೂ ಮಕ್ಕಳ ಕಣ್ಣಿನ ಎತ್ತರದಲ್ಲಿ. ಯಾವ ಕೆಲಸವನ್ನು ಹಾಕಬೇಕೆಂಬುದನ್ನು ಆಯಾ ಮಗುವೇ ಆರಿಸಲಿ, ಪಕ್ಕದಲ್ಲಿ ತಾನು ಮಾಡಿದ್ದೇನೆಂದು ಒಂದೆರಡು ಸಾಲು ಬರೆಯಲಿ. ಅಂತರ್ಜಾಲಕ್ಕೆ ಹಾಕುವ ಮುನ್ನ ಪೋಷಕರ ಒಪ್ಪಿಗೆಯ ಜೊತೆಗೆ ಮಗುವನ್ನೂ ಕೇಳಬೇಕು. ಪೂರ್ಣ ಹೆಸರು, ಶಾಲೆ, ಮುಖ ಮೂರೂ ಒಟ್ಟಿಗೆ ಕಾಣದಂತೆ ನೋಡಿಕೊಳ್ಳಬೇಕು.

ವರ್ಷದ ಕೊನೆಗೆ ಮನೆ ತುಂಬುವಷ್ಟು ಕೆಲಸಗಳಿರುತ್ತವೆ. ಯಾವುದನ್ನು ಇಟ್ಟುಕೊಳ್ಳಬೇಕು, ಹೇಗೆ?

ಆರಿಸುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮಗೆ ಅಂದವೆನಿಸಿದ್ದನ್ನು ಅದು ಬೇಡವೆಂದು, ನೀವು ಎಸೆಯಲಿದ್ದ ಹರಕು ಹಾಳೆಯನ್ನು ಎದೆಗವಚಿಕೊಳ್ಳಬಹುದು. ಕಾರಣ ಕೇಳಿ, ಹಾಳೆಯ ಹಿಂದೆ ದಿನಾಂಕದೊಂದಿಗೆ ಪೆನ್ಸಿಲಿನಲ್ಲಿ ಬರೆದಿಡಿ. ಒಂದೇ ವಿಷಯದ ಮೇಲೆ ವರ್ಷದ ಆರಂಭದಲ್ಲೊಂದು, ಕೊನೆಯಲ್ಲೊಂದು ಬರೆದ ಚಿತ್ರಗಳಿದ್ದರೆ ಎರಡನ್ನೂ ಉಳಿಸಿ. ಉಬ್ಬು ಕೆಲಸಗಳನ್ನೂ ಒಡೆಯುವಂಥವನ್ನೂ ಹಗಲು ಬೆಳಕಿನಲ್ಲಿ, ಎರಡು ಮೂರು ಕೋನಗಳಿಂದ ಫೋಟೊ ತೆಗೆದಿಟ್ಟರೆ ಸಾಕು.

ಕಾಪಿಡುವುದಕ್ಕೆ ಬೆಳಕೂ ತೇವವೂ ಶತ್ರುಗಳು. ಅಗ್ಗದ ಬಣ್ಣದ ಕಾಗದ ಕಿಟಕಿಯ ಬಿಸಿಲಿಗೆ ಬೇಗನೆ ಮಂಕಾಗುತ್ತದೆ, ಪತ್ರಿಕೆಯ ಕಾಗದ ಅದರಲ್ಲಿರುವ ಲಿಗ್ನಿನ್ ಎಂಬ ಮರದ ಅಂಶದಿಂದ ಹಳದಿಯಾಗಿ ಪುಡಿಪುಡಿಯಾಗುತ್ತದೆ. ಆಮ್ಲರಹಿತ ಕಾಗದದ ಕಡತದಲ್ಲಿ, ಹಾಳೆಗಳನ್ನು ಮಡಚದೆ ಚಪ್ಪಟೆಯಾಗಿ ಇಡಿ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು, ಕ್ರೇಯಾನಿನ ಮೇಣವಂತೂ ಆ ಬಿಸಿಗೆ ಕರಗಿ ಹರಡುತ್ತದೆ. ಆಯಿಲ್ ಪೇಸ್ಟಲ್ ವರ್ಷಗಳು ಕಳೆದರೂ ಪೂರ್ತಿ ಒಣಗುವುದಿಲ್ಲವಾದ್ದರಿಂದ ಅಂಥ ಎರಡು ಚಿತ್ರಗಳನ್ನು ಮುಖಾಮುಖಿ ಇಡದೆ ನಡುವೆ ಬಟರ್ ಪೇಪರ್ ಹಾಕಿ. ಸೀಮೆಸುಣ್ಣದ ಬಣ್ಣ ಉದುರದಂತೆ ಫಿಕ್ಸೆಟಿವ್ ಸಿಂಪಡಿಸುವುದಿದ್ದರೆ ಅದನ್ನು ದೊಡ್ಡವರು ಹೊರಗಿನ ಗಾಳಿಯಲ್ಲಿ, ಮಕ್ಕಳು ದೂರವಿರುವಾಗ ಮಾಡಬೇಕು.